ಕಸದ ಎಣ್ಣೆ ಬಂದ ವರ್ಷ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳದೆ ಬೇರೆ ಏನನ್ನೂ ಹೇಳಲು ನನ್ನಿಂದಾಗದು. ಆದವಾನಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ತಂದು ನನ್ನ ತೋಳಿಗಿಟ್ಟಾಗ ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. "ಅವ್ವಾ, ಮೆಲ್ಲಕ. ವಾರ್ಡಿನ ಮಂದಿಯೆಲ್ಲಾ ನಿನ್ನೇ ನೋಡಾಕ ಹತ್ಯಾರ" ಎಂದು ಮಗ ನನ್ನ ಸೆರಗು ಎಳೆದದ್ದು ಮಾತ್ರ ನೆನಪಿದೆ. ನೋಡಲಿ ಬಿಡಿ. ಈ ವಯಸ್ಸಿನಲ್ಲಿ ಒಂದು ಸಲ ಮಂದಿ ನೋಡುವಂತೆ ಕುಣಿಯದಿದ್ದರೆ ಮತ್ತೆ ಯಾವಾಗ ಕುಣಿಯುವುದು? ಕೂಸಿನ ಕಿವಿ ನೋಡಿದೆ, ಹುಬ್ಬು ನೋಡಿದೆ, ಅಂಗಾಲು ಮೂಸಿದೆ. ನೋಡಿದಷ್ಟೂ ಸಾಲಲಿಲ್ಲ.

ಅಷ್ಟರಲ್ಲಿ ಯಾರೋ ವಾರ್ಡಿನ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಯಿಂದ ಆಸ್ಪತ್ರೆಯೋ ಬಸ್ ಸ್ಟ್ಯಾಂಡೋ ನೆನಪಾದೀತು. ನನಗೆ ನೆನಪಾಗುವುದು ಒಂದು ಜೋಳದ ಹೊಲ, ಅದರ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ಹೆಂಗಸು. ಕೂಸನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡೆ. "ಯಾಕವ್ವಾ?" ಎಂದ ಮಗ. ಏನೂ ಇಲ್ಲ ಎಂದೆ. ಆಸ್ಪತ್ರೆಯಲ್ಲಿ, ಅಂಥ ಸಂತೋಷದ ಹೊತ್ತಿನಲ್ಲಿ ಹೇಳುವ ಮಾತಲ್ಲ ಅದು. ಹೇಳದೆ ಇಟ್ಟುಕೊಳ್ಳುವ ಮಾತೂ ಅಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ನಾನು ಶಾಲೆ ಕಂಡದ್ದು ಸ್ವಲ್ಪವೇ. ಮಾತು ಹಿಂದುಮುಂದಾದರೆ ನೀವೇ ಸರಿಮಾಡಿಕೊಂಡು ಓದಿ.

ನನ್ನ ತವರು ಆದವಾನಿ. ಅಪ್ಪ ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ. ಹತ್ತಿಯನ್ನು ನಾನು ಒತ್ತಿ ಕಟ್ಟಿದ ಅಂಡಿಗೆಯಲ್ಲಿ, ಲಾರಿಯಲ್ಲಿ, ಅಪ್ಪನ ಮೀಸೆಯಲ್ಲಿ ನೋಡಿದ್ದೆನೇ ಹೊರತು ಗಿಡದಲ್ಲಿ ನೋಡಿದ್ದು ಕಡಿಮೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಹಾಲಹರವಿ ಕಡೆಯ ಕಪ್ಪು ಮಣ್ಣಿನ ಊರಿಗೆ ಬಂದೆ. ಮನೆಯಲ್ಲಿ ಅತ್ತೆ, ನಮ್ಮ ಮನೆಯವರು, ನಾನು. ಒಂದು ಹೊಲ ಜೋಳ, ಅದರ ಪಕ್ಕದ ಹೊಲ ಹತ್ತಿ.

ಬಂದ ಮೊದಲ ವರ್ಷವೇ ಅತ್ತೆ ನನ್ನನ್ನು ಕಸ ತೆಗೆಯುವ ಹೆಂಗಸರ ಸಾಲಿನಲ್ಲಿ ಕೂರಿಸಿದರು. ಬೆಳೆಯ ನಡುವೆ ಹುಟ್ಟುವ ಬೇಡದ ಗಿಡಕ್ಕೆಲ್ಲ ನಮ್ಮ ಕಡೆ ಕಸ ಎನ್ನುತ್ತೇವೆ. ಕುಕ್ಕುರುಗಾಲಲ್ಲಿ ಕೂತು, ಕೈಯಲ್ಲಿ ಕುರ್ಪಿ ಹಿಡಿದು, ಸಾಲಿನ ಈ ತುದಿಯಿಂದ ಆ ತುದಿಗೆ ಸರಿಯುತ್ತ ಹೋಗಬೇಕು. ನಾನು ಹುರುಪಿನಿಂದ ಎಲ್ಲರಿಗಿಂತ ಮುಂದೆ ಹೋದೆ. ಹಿಂದಿನಿಂದ ಒಂದು ದನಿ ಬಂತು.

"ಏ ಪ್ಯಾಟಿ ಸೊಸೀ! ಜೋಳ ಎಲ್ಲಾ ಕಿತ್ತು ಕಸ ಉಳಿಸ್ಕೊಂತ ಹೊಂಟೀಯಲ್ಲ, ಈ ಸಲ ಕಸದ ರೊಟ್ಟಿ ಬಡೀತೀಯೇನು ನಿನ ಗಂಡಗ?"

ಇಡೀ ಸಾಲು ನಕ್ಕಿತು. ಹಾಗೆ ಪರಿಚಯವಾದವಳು ಉರುಕುಂದಮ್ಮ. ಕಸ ತೆಗೆಯುವ ಗುಂಪಿಗೆ ಅವಳೇ ಹಿರಿಯಳು. ಯಾವ ಹೊಲಕ್ಕೆ ಯಾವಾಗ ಹೋಗಬೇಕು, ಯಾರು ಯಾವ ಸಾಲು ಹಿಡಿಯಬೇಕು, ಎಲ್ಲ ಅವಳ ಮಾತಿನಂತೆ. ಗಂಡ ಸತ್ತು ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ಆದವಾನಿಗೆ ಕೊಟ್ಟಿದ್ದಳು. ಬಾಯಿ ಜೋರು. ಆದರೆ ಅಂದು ನನ್ನ ಪಕ್ಕದಲ್ಲೇ ಕೂತು, ಎಳೆ ಜೋಳದ ಎಲೆ ಯಾವುದು, ಹುಲ್ಲಿನ ಎಲೆ ಯಾವುದು ಎಂದು ಮುಟ್ಟಿಸಿ ಮುಟ್ಟಿಸಿ ತೋರಿಸಿದವಳೂ ಅವಳೇ. ಕಸ ಎಂದರೆ ಬರೀ ಕಸವಲ್ಲ ಎಂದು ಕಲಿಸಿದಳು. ಗೋಳಿ, ಹಕ್ಕರಕಿ, ಕಿರಕಸಾಲಿ, ಅಣ್ಣೆ ಸೊಪ್ಪು, ಇವನ್ನೆಲ್ಲ ಕಿತ್ತು ಉಡಿಯಲ್ಲಿ ಹಾಕಿಕೊಳ್ಳಬೇಕು. ಸಂಜೆ ಮನೆಗೆ ಹೋಗುವಾಗ ಪ್ರತಿ ಹೆಂಗಸಿನ ಹೊಟ್ಟೆ ಮುಂದಕ್ಕೆ ಬಂದಿರುತ್ತಿತ್ತು, ತುಂಬು ಬಸುರಿಯರ ಹಾಗೆ. ಅದರಲ್ಲಿ ಆ ರಾತ್ರಿಯ ಪಲ್ಯ ಇರುತ್ತಿತ್ತು. ಬೆಳ್ಳುಳ್ಳಿ ಖಾರ ಹಾಕಿ ಬೇಳೆಯಲ್ಲಿ ಬೇಯಿಸಿದ ಗೋಳಿ ಪಲ್ಯದ ರುಚಿ ಹೇಳಲು ಹೊರಟರೆ ಈ ಬರಹ ಇಲ್ಲೇ ಅಡುಗೆಮನೆಗೆ ಹೋಗಿಬಿಡುತ್ತದೆ.

ಒಂದು ಪದ್ಧತಿ ಮಾತ್ರ ಹೇಳಲೇಬೇಕು. ಕಸ ತೆಗೆದು ಮುಗಿದ ದಿನ ಹೊಲದ ಮನೆಯವರು ಹೆಂಗಸರಿಗೆಲ್ಲ ರೊಟ್ಟಿ, ಪುಂಡಿ ಪಲ್ಯ ಕೊಡುತ್ತಿದ್ದರು. ಉಂಡ ಮೇಲೆ ಉರುಕುಂದಮ್ಮ ಎದ್ದು, ಕಿತ್ತ ಕಸದಲ್ಲಿ ಒಂದು ಹಿಡಿ ತೆಗೆದು ಬದುವಿನಾಚೆ ಎಸೆದು, "ಹೊಲ ತುಂಬಲಿ, ಹಗೇವು ತುಂಬಲಿ, ಮನಿ ತುಂಬಲಿ" ಎನ್ನುತ್ತಿದ್ದಳು. ಹಗೇವು ಎಂದರೆ ಕಾಳು ತುಂಬುವ ನೆಲದ ಕುಣಿ. ಅವಳ ಬಾಯಿಂದ ಆ ಮಾತು ಬಂದರೆ ಬೆಳೆ ಬಂದ ಹಾಗೆಯೇ ಎಂದು ಊರು ನಂಬಿತ್ತು. ಅವಳಿಗೆ ಹುಷಾರಿಲ್ಲದ ವರ್ಷ ನಮ್ಮ ಅತ್ತೆ ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೊಲಕ್ಕೆ ಕರೆತಂದು ಆ ಮಾತು ಹೇಳಿಸಿದ್ದರಂತೆ.

ಹೀಗಿರುವಾಗ ಕಸದ ಎಣ್ಣೆ ಬಂತು. ಹೊಲಕ್ಕೆ ಹೊಡೆಯುವ ಔಷಧ ಯಾವುದೇ ಇರಲಿ, ಪುಡಿಯೇ ಇರಲಿ, ನೀರೇ ಇರಲಿ, ನಮ್ಮ ಬಾಯಲ್ಲಿ ಅದು ಎಣ್ಣೆ. ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆ ಆಗಲೇ ಊರಲ್ಲಿತ್ತು. ಕಸಕ್ಕೂ ಎಣ್ಣೆ ಇದೆ ಎಂದು ನಮ್ಮ ಮನೆಯವರಿಗೆ ಹೇಳಿದವನು ಆದವಾನಿಯ ಅಂಗಡಿಯವನು. ಮನೆಗೆ ಬಂದವರೇ ಅವನ ತೆಲುಗನ್ನು ಅವನಂತೆಯೇ ಹೇಳಿ ತೋರಿಸಿದರು: "ಜೊನ್ನ ಬ್ರತುಕುತುಂದಿ, ಕಲುಪು ಚಸ್ತುಂದಿ." ಜೋಳ ಬದುಕುತ್ತದೆ, ಕಸ ಸಾಯುತ್ತದೆ.

ಡಬ್ಬಿ ತೆರೆದರೆ ಅಡುಗೆ ಸೋಡಾದಂಥ ಬಿಳಿ ಪುಡಿ. ವಾಸನೆ ಮಾತ್ರ ಫಿನಾಯಿಲಿನದು. ಬಕೆಟ್ಟಿನಲ್ಲಿ ಕಲಸಿ, ಬೆನ್ನಿಗೆ ಕಟ್ಟುವ ಹಿತ್ತಾಳೆ ಪಂಪಿಗೆ ಸುರಿದು, ಗಾಳಿ ಏಳುವ ಮೊದಲು ಬೆಳಗಿನಲ್ಲೇ ಜೋಳದ ಹೊಲಕ್ಕೆ ಹೊಡೆದರು. ಮರುದಿನ ನೋಡಲು ಹೋದೆ. ಕಸ ಸತ್ತಿರಲಿಲ್ಲ, ತಿರುಚಿಕೊಂಡಿತ್ತು. ಅಣ್ಣೆ ಗಿಡಗಳು ಕತ್ತು ಹಿಂಡಿದ ಕೋಳಿಯಂತೆ ಬಾಗಿದ್ದವು. ಆಮೇಲೆ ಕಾಂಡ ಉಬ್ಬಿ ಸೀಳಿತು, ಎಲೆ ಹಳದಿಯಾಯಿತು, ಕಡೆಗೆ ಎಲ್ಲ ಒಣಗಿತು. ಅಗಲ ಎಲೆಯ ಯಾವುದನ್ನೂ ಅದು ಬಿಡಲಿಲ್ಲ. ಗೋಳಿಯೂ ಹೋಯಿತು, ಹಕ್ಕರಕಿಯೂ ಹೋಯಿತು. ಗರಿಕೆ ಮತ್ತು ಜೇಕು ಮಾತ್ರ ಜೋಳದ ಜೊತೆ ಹಸಿರಾಗಿ ನಿಂತಿದ್ದವು. ಹುಲ್ಲಿನ ಜಾತಿಗೆ ಅದು ಏನೂ ಮಾಡುವುದಿಲ್ಲವಂತೆ. ಹೊಲ ಚೆಂದ ಕಾಣುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ವರ್ಷ ಉಡಿ ತುಂಬಿಕೊಂಡು ಬರಲು ಏನೂ ಇರಲಿಲ್ಲ. ಹೊಲದಲ್ಲಿ ಒಂದು ನಗುವೂ ಕೇಳಲಿಲ್ಲ.

ಜೋಳಕ್ಕೆ ಕಸ ತೆಗೆಯಲು ಕರೆ ಬಾರದ್ದು ನೋಡಿ ಉರುಕುಂದಮ್ಮನೇ ಹೊಲಕ್ಕೆ ಬಂದಳು. ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಸತ್ತ ಕಸವನ್ನು ಬಹಳ ಹೊತ್ತು ನೋಡಿದಳು.

"ಏನಪಾ ಇದು? ನಾವೆಲ್ಲ ಕೈ ಮುರ್ಕೊಂಡೀವೇನು?" ಎಂದಳು ನಮ್ಮ ಮನೆಯವರಿಗೆ.

"ಹಂಗಲ್ಲಕ್ಕಾ. ಮಳಿ ಹಿಡದರ ಕಸ ತೆಗೀಲಿಕ್ಕೆ ಆಗಂಗಿಲ್ಲ, ಅದಕ್ಕ."

"ಮಳಿ ಇವತ್ತು ಹುಟ್ಟೇತೇನು? ನನ್ನ ಕೈ ಬ್ಯಾಡಾತು ಅಂತ ಹೇಳು, ಸುಮ್ಮನ ಹೊಕ್ಕೀನಿ." ತಿರುಗಿ ಹೊರಟವಳು ಮತ್ತೆ ನಿಂತಳು. "ಈ ಹೊಲಕ್ಕ ನನ್ನ ಬಾಯಿಂದ ಒಳ್ಳೇ ಮಾತು ಬರಂಗಿಲ್ಲ ನೋಡ್ರಿ. ಹೆಂಗ ಬೆಳೀತೀರೋ ಬೆಳೀರಿ, ನಾನೂ ನೋಡ್ತೀನಿ."

ಅಷ್ಟೇ ಅವಳು ಅಂದದ್ದು. ನಾನು ಅಲ್ಲೇ ಇದ್ದೆ. ಮಣ್ಣು ತೂರಲಿಲ್ಲ, ಶಾಪ ಹಾಕಲಿಲ್ಲ.

ಜೋಳ ಎದೆಯುದ್ದ ಬಂತು. ಅಷ್ಟರಲ್ಲಿ ಹತ್ತಿಗೆ ಹುಳ ಬಿತ್ತೆಂದು ನಮ್ಮ ಮನೆಯವರು ಅದೇ ಪಂಪಿನಲ್ಲಿ ಹುಳದ ಎಣ್ಣೆ ಹೊಡೆದರು. ಪಂಪನ್ನು ನೀರು ಹಾಕಿ ಕುಲುಕಿ, ಚೆಲ್ಲಿ, ಬಿಸಿಲಿಗಿಟ್ಟು ಒಣಗಿಸಿಯೇ ಹೊಡೆದದ್ದು; ಅವರು ಶುಚಿಯ ಮನುಷ್ಯ, ಊಟದ ತಟ್ಟೆಗಿಂತ ಹೆಚ್ಚಾಗಿ ಪಂಪನ್ನು ಉಜ್ಜುತ್ತಿದ್ದರು. ಹುಳ ಸತ್ತವು. ಆಮೇಲೆ ಒಂದು ದಿನ ಅತ್ತೆ ಹೊಲದಿಂದ ಓಡೋಡಿ ಬಂದರು. ಕೈಯಲ್ಲಿ ಒಂದು ಹತ್ತಿಯ ಕುಡಿ.

ಹತ್ತಿ ಎಲೆ ಎಂದರೆ ಅಂಗೈಯಷ್ಟು ಅಗಲ ಇರಬೇಕು. ಹೊಸದಾಗಿ ಬಂದ ಎಲೆಗಳೆಲ್ಲ ಸಣ್ಣಗೆ ಸೀಳಿ, ಉದ್ದಕ್ಕೆ ಎಳೆದ ಹಾಗೆ, ಕಾಗೆಯ ಕಾಲಿನಂತೆ ಆಗಿದ್ದವು. ಇಡೀ ಹೊಲ ಹಾಗೆಯೇ. ಮೊಗ್ಗು ಅರಳಲಿಲ್ಲ, ಕಾಯಿ ಕಟ್ಟಲಿಲ್ಲ. ಊರಿನ ಹಿರಿಯರು ಬಂದು ನೋಡಿದರು. ಹುಳ ತಿಂದ ಎಲೆ ಅವರಿಗೆ ಗೊತ್ತು, ರೋಗದ ಎಲೆ ಗೊತ್ತು, ನೀರಿಲ್ಲದೆ ಬಾಡಿದ ಎಲೆ ಗೊತ್ತು. ಇಂಥ ಎಲೆಯನ್ನು ಯಾರೂ ಕಂಡಿರಲಿಲ್ಲ. ಕಾಣದ ರೋಗಕ್ಕೆ ಕಾಣುವ ಒಬ್ಬ ಮನುಷ್ಯ ಬೇಕಾಗುತ್ತಾನೆ.

"ಆಕೀದೇ ಬಾಯಿ" ಎಂದರು ಅತ್ತೆ. "ಒಳ್ಳೇ ಮಾತಿಗೆ ಹೊಲ ತುಂಬತಿದ್ದಿಲ್ಲೇನು? ಕೆಟ್ಟ ಮಾತಿಗೆ ಬರಿದಾಗಂಗಿಲ್ಲೇನು?"

ನಾನು ಹೊಸ ಸೊಸೆ. ಆದರೂ ತಡೆಯಲಾರದೆ ಅಂದೆ, "ಅತ್ತೀ, ಆಕಿ ಬೈದದ್ದು ಜೋಳದ ಬದುವಿನ ಮ್ಯಾಲ ನಿಂತು. ಜೋಳ ಚೆಂದ ಐತಿ. ಕೆಟ್ಟದ್ದು ಹತ್ತಿ."

"ಬಾಯಿಗೆ ಬದು ಐತೇನಲೇ?" ಎಂದರು ಅತ್ತೆ. ಅಲ್ಲಿಗೆ ನನ್ನ ವಕೀಲಿಕೆ ಮುಗಿಯಿತು. ಅದಕ್ಕೆ ಏನು ಉತ್ತರ ಕೊಡಬೇಕಿತ್ತೆಂದು ನಾನು ಇವತ್ತಿಗೂ ಪಾತ್ರೆ ತೊಳೆಯುವಾಗ ಹುಡುಕುತ್ತೇನೆ.

ಆಮೇಲೆ ಯಾರೂ ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅಂಥ ಊರಲ್ಲ ನಮ್ಮದು. ಅವಳನ್ನು ಯಾರೂ ಕರೆಯಲಿಲ್ಲ, ಅಷ್ಟೇ. ಗುಂಪು ಬೇರೆಯವಳ ಹಿಂದೆ ಹೋಯಿತು. ಅವಳು ಬೀದಿಯಲ್ಲಿ ಬಂದರೆ ಬಾಣಂತಿಯರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹಾಲು ಕರೆಯುತ್ತಿದ್ದವರು ತಂಬಿಗೆಗೆ ಸೆರಗು ಮುಚ್ಚುತ್ತಿದ್ದರು. ನಾನು ಬಾವಿಯ ಹತ್ತಿರ ಸಿಕ್ಕಾಗ ಮಾತಾಡಿಸಿದೆ. "ನನ್ನ ಕೂಡ ಮಾತಾಡಬ್ಯಾಡಬೇ, ನಿನಗ ಇನ್ನೂ ಮಕ್ಕಳಾಗಬೇಕು" ಎಂದು ಕೊಡ ಎತ್ತಿಕೊಂಡು ಹೋದಳು. ಅಂಥ ಬಾಯಿಯವಳು, ಅಷ್ಟು ಮೆಲ್ಲಗೆ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು. ಸುಗ್ಗಿ ಮುಗಿಯುವ ಮೊದಲೇ ಅವಳ ಮನೆಗೆ ಬೀಗ ಬಿತ್ತು. ಬಸುರಿ ಮಗಳ ಹತ್ತಿರ ಆದವಾನಿಗೆ ಹೋದಳಂತೆ ಎಂದರು.

ಮರುವರ್ಷ ಜೋಳಕ್ಕೆ ಮತ್ತೆ ಕಸದ ಎಣ್ಣೆ ಹೊಡೆದರು. ಯಾವಾಗಲೂ ಪಂಪು ತೊಳೆಯುತ್ತಿದ್ದ ಕೆರೆಯ ದಾರಿ ಕೆಸರಾಗಿದ್ದಕ್ಕೆ ಈ ಸಲ ಪಂಪನ್ನು ಮನೆಗೇ ತಂದು, ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ ತೊಳೆದರು. ಆ ನೀರು ಹರಿದು ನನ್ನ ಟೊಮೇಟೊ ಮಡಿಗೆ, ಅತ್ತೆಯ ಅವರೆ ಚಪ್ಪರದ ಬುಡಕ್ಕೆ ಹೋಯಿತು. ಒಂದೆರಡು ವಾರ ಕಳೆದಿರಬೇಕು. ನಾನು ಪಾತ್ರೆ ಹಿಡಿದು ಹಿತ್ತಲಿಗೆ ಹೋದರೆ ಅತ್ತೆ ಚಪ್ಪರದ ಕೆಳಗೆ ನೆಲದ ಮೇಲೆ ಕೂತಿದ್ದರು. ಅವರೆಯ ಕುಡಿಗಳೆಲ್ಲ ಹುರಿಹಗ್ಗದ ಹಾಗೆ ತಿರುಚಿದ್ದವು. ಟೊಮೇಟೊ ಎಲೆಗಳು ಸಣ್ಣಗೆ ಸೀಳಿ, ಉದ್ದಕ್ಕೆ ಎಳೆದ ಹಾಗೆ.

ಅತ್ತೆ ನನ್ನ ಮುಖ ನೋಡಲಿಲ್ಲ. "ನಮ್ಮ ಹಿತ್ತಲಕ್ಕ ಆಕಿ ಯಾವಾಗ ಬಂದ್ಲು?" ಎಂದರು.

ನಮ್ಮ ಮನೆಯವರು ಆ ಕುಡಿಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಆದವಾನಿಯ ಅಂಗಡಿಗೆ ಹೋದರು. ಹೋದ ವರ್ಷದ ಹತ್ತಿಯೂ ಹೀಗೇ ಆಗಿತ್ತೆಂದು ಹೇಳಿದರು. ಅಂಗಡಿಯವನು ಕುಡಿ ನೋಡಿದ ಕೂಡಲೇ, "ಕಸದ ಎಣ್ಣಿ ಪಂಪಿನಾಗ ಹತ್ತಿಗೂ ಹೊಡದ್ರೇನು? ನೀರಿಗೆ ತೊಳದ್ರ ಅದು ಹೋಗಂಗಿಲ್ಲಪಾ. ಅದಕ್ಕ ಬ್ಯಾರೇ ಪಂಪು ಇಡಬೇಕು. ಹತ್ತಿಗೆ ಅದರ ಗಾಳಿ ಸೋಕಿದ್ರೂ ಸಾಕು" ಎಂದನಂತೆ.

"ಮೊದಲೇ ಯಾಕ ಹೇಳಲಿಲ್ಲ?"

"ನೀನು ಕೇಳಿದ್ದು ಜೋಳದ ಮಾತು. ಜೋಳಕ್ಕ ಏನಾತು? ಚೆಂದ ಇದ್ದಿಲ್ಲೇನು?"

ಜೋಳ ಚೆಂದವೇ ಇತ್ತು. ನಮ್ಮ ಮನೆಯವರು ಕುಡಿಗಳನ್ನು ಮತ್ತೆ ಟವೆಲಿನಲ್ಲಿ ಕಟ್ಟಿಕೊಂಡು ಬಂದರು.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರು ಅದನ್ನು ಮುಚ್ಚಿಡಲಿಲ್ಲ. ಅಂದೇ ಕಟ್ಟೆಯ ಹತ್ತಿರ ಹೋಗಿ, ಕೂತಿದ್ದ ಗಂಡಸರ ಮುಂದೆ ನಿಂತು, "ನಮ್ಮ ಹತ್ತಿ ಕೆಡಿಸಿದ್ದು ನಮ್ಮ ಪಂಪು" ಎಂದು ಹೇಳಿ ಬಂದರು. ಮರುದಿನ ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿ, ಒಂದು ಚೀಲ ಜೋಳ ಹೊರಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಒಂದೇ ಮಾತು: "ಬಾ ಅಂದ್ರ ಬರ್ತಾಳ. ಆಕೀ ಸಿಟ್ಟು ನಂಗೊತ್ತು, ಬೈದು ಬೈದು ಬರ್ತಾಳ."

ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ ಮಗಳ ಮನೆ. ಉರುಕುಂದಮ್ಮ ಬಾಗಿಲ ಹೊರಗೆ, ಗೋಡೆಯ ಕಡೆ ಮುಖ ಮಾಡಿ ಕೂತು ಹತ್ತಿಯ ಕಸ ಆರಿಸುತ್ತಿದ್ದಳು. ಒಳಗೆ ಮಗಳು ಕೂಸನ್ನು ಆಡಿಸುತ್ತಿದ್ದಳು. ಹೆಣ್ಣು ಕೂಸು. ಆಗಲೇ ಹೊಸಲು ದಾಟಿ ಅಂಬೆಗಾಲಿಡುವಷ್ಟು ದೊಡ್ಡದು.

ಅತ್ತೆ ಎಲ್ಲ ಹೇಳಿದರು. ಪಂಪು, ಅವರೆ ಚಪ್ಪರ, ಅಂಗಡಿಯವನ ಮಾತು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತರು. ಉರುಕುಂದಮ್ಮ ಬೈಯಲಿಲ್ಲ.

"ಖರೇ ಏನು?" ಎಂದಳು. "ಎಣ್ಣೀದೇ ಏನು ಅದು?"

"ಖರೇನ ಅಕ್ಕಾ. ದೇವರಾಣಿ."

"ನನ್ನದಲ್ಲ?"

"ನಿಂದಲ್ಲ."

ಅವಳು ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿದಳು. ಆಗ ಮಗಳು ಒಳಗಿನಿಂದ ಬಂದು ಹೇಳಿದಳು. "ಇಲ್ಲಿತನಕ ಕೂಸಿನ್ನ ಎತ್ತಿಕೊಂಡಿಲ್ರೀ ನಮ್ಮವ್ವ. ಹುಟ್ಟಿದ ದಿನ ಸೈತ ಮುಖ ಆ ಕಡೆ ತಿರುಗಿಸಿ ಕುಂತಿದ್ಲು. 'ಹತ್ತಿ ಹೊಲ ಹೆಂಗಾತು ನೋಡೀಯಿಲ್ಲ, ನನ್ನ ಕಣ್ಣು ಬ್ಯಾಡ ಕೂಸಿಗೆ' ಅಂತಾಳ. ಎಷ್ಟು ಹೇಳಿದ್ರೂ ಕೇಳಂಗಿಲ್ಲ."

ಊರು ನಂಬಿತ್ತೆಂಬುದು ನಮಗೆ ಗೊತ್ತಿತ್ತು. ಅವಳೂ ನಂಬಿದ್ದಳು ಎಂಬುದು ಆ ಹೊತ್ತಿನವರೆಗೆ ನಮ್ಮಿಬ್ಬರ ತಲೆಗೂ ಬಂದಿರಲಿಲ್ಲ. ತನ್ನ ಮಾತಿಗೆ ಹೊಲ ತುಂಬುತ್ತದೆ ಎಂದು ಅಷ್ಟು ವರ್ಷ ನಂಬಿದವಳು, ಇನ್ನೊಂದನ್ನು ನಂಬದೆ ಹೇಗೆ ಇದ್ದಾಳು?

ಉರುಕುಂದಮ್ಮ ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಕೂಸಿನ ಮುಂದೆ ಕೂತು, ಮೊದಲ ಸಲ ಅದರ ಮುಖವನ್ನು ನೇರವಾಗಿ ನೋಡಿ, ಎರಡೂ ಕೈ ಚಾಚಿ, "ಬಾರಬೇ, ನನ್ನವ್ವಾ" ಎಂದಳು. ಕೂಸು ಅವಳನ್ನು ದಿಟ್ಟಿಸಿತು. ತುಟಿ ನಡುಗಿತು. ಜೋರಾಗಿ ಕಿರುಚಿ ತಾಯಿಯ ಕುಪ್ಪಸಕ್ಕೆ ಮುಖ ಒತ್ತಿಕೊಂಡಿತು. ಮತ್ತೆ ಕರೆದಳು. ಮತ್ತೆ ಕಿರುಚಿತು.

"ಗುರುತಿಲ್ಲ ಅದಕ್ಕ" ಎಂದಳು ಮಗಳು, ನಮ್ಮ ಮುಂದೆ ನಾಚಿಕೆಪಟ್ಟು.

"ಹೆಂಗ ಇರ್ತೈತಿ ಬಿಡು" ಎಂದಳು ಉರುಕುಂದಮ್ಮ. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಮಡಿಲಲ್ಲಿಟ್ಟುಕೊಂಡಳು. ಅತ್ತೆ ಊರಿಗೆ ಬಾ ಎಂದು ಕರೆದರು, ಕಾಲಿಗೂ ಬಿದ್ದರು. ಅವಳು ಅತ್ತೆಯನ್ನು ಎತ್ತಿ ಕೂರಿಸಿ, ನೀರು ಕೊಟ್ಟು, "ಇನ್ನ ಅಲ್ಲಿ ಏನೈತಿ ತಂಗೀ? ಕಸ ತೆಗೀಲಿಕ್ಕೆ ಎಣ್ಣಿ ಬಂದೈತಿ. ನಾನು ಇಲ್ಲೇ ಇದ್ದು ಇದಕ್ಕ ಗುರುತು ಮಾಡಿಸ್ಕೋಬೇಕು" ಎಂದಳು. ನಾವು ಜೋಳದ ಚೀಲ ಇಟ್ಟು ಬಂದೆವು. ಮುಂದೆ ನಾನು ತವರಿಗೆ ಹೋದಾಗ ಆ ಓಣಿಗೆ ಹೋಗಿದ್ದೆ. ಗಿರಣಿ ಮುಚ್ಚಿ, ಅಳಿಯನಿಗೆ ಬೇರೆಲ್ಲೋ ಕೆಲಸ ಸಿಕ್ಕಿ, ಅವರೆಲ್ಲ ಹೋಗಿಬಿಟ್ಟಿದ್ದರು. ಆ ಕೂಸು ಅವಳ ಮಡಿಲಿಗೆ ಬಂತೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಬಂದಿರುತ್ತದೆ ಎಂದು ಅಂದುಕೊಳ್ಳುತ್ತೇನೆ. ಒಮ್ಮೊಮ್ಮೆ ಹಾಗೆ ಅಂದುಕೊಳ್ಳಲೂ ಆಗುವುದಿಲ್ಲ.

ನಿನ್ನೆ ನಮ್ಮ ಕೂಸನ್ನು ಮನೆಗೆ ಕರೆತಂದೆವು. ಸಂಜೆಗೆ ಅಳಲು ಶುರುಮಾಡಿತು. ಅಂಥ ಪುಟ್ಟ ಎದೆಯಲ್ಲಿ ಅಷ್ಟು ದನಿ ಎಲ್ಲಿತ್ತೋ, ಕೇಳಿ ನನಗೆ ಹೆಮ್ಮೆಯೇ ಆಯಿತು. ಆದರೆ ಜೊತೆಗೆ ಬಂದಿದ್ದ ಬೀಗತಿಗೆ, ಸೊಸೆಯ ತಾಯಿಗೆ, ಗಾಬರಿ.

"ದೃಷ್ಟಿ ಆಗೇತ್ರೀ. ಆಸ್ಪತ್ರ್ಯಾಗ ಪಕ್ಕದ ಮಂಚದಾಕಿ, ಕೂಸು ಕಳಕೊಂಡಾಕಿ, ಹೆಂಗ ನೋಡ್ತಿದ್ಲು ಅಂತೀರಿ! ಆಕೀ ಹೆಸರು ಹಿಡದು ತೆಗೀರಿ. ಹಿರೇರು ನೀವೇ ತೆಗೀಬೇಕು."

ನನ್ನ ಕೈಗೆ ಉಪ್ಪು, ಮೆಣಸಿನಕಾಯಿ ಕೊಟ್ಟರು. ಬೇಡವೆಂದು ಹೇಳುವಷ್ಟು ಓದಿದವಳಲ್ಲ ನಾನು. ನಮ್ಮ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ತೆಗೆದಿದ್ದೇನೆ. ಊರವರ ಕಣ್ಣು, ಕೇರಿಯವರ ಕಣ್ಣು, ಇಂಥವಳ ಕಣ್ಣು ಎಂದು ಹೆಸರು ಹೇಳುತ್ತ ಇಳಿಸುವುದು ರೂಢಿ. ಕೂಸಿನ ತಲೆಯ ಸುತ್ತ ಕೈ ಆಡಿಸಿದೆ.

"ಅಜ್ಜಿ ಕಣ್ಣು" ಎಂದೆ. ಇನ್ನೊಂದು ಸುತ್ತಿಗೂ "ಅಜ್ಜಿ ಕಣ್ಣು" ಎಂದೆ. ಕಡೆಯ ಸುತ್ತಿಗೂ ಅದನ್ನೇ.

"ಬ್ಯಾರೇವ್ರದು?" ಎಂದರು ಬೀಗತಿ.

"ಬ್ಯಾರೇವ್ರದು ಇಲ್ರೀ. ಹುಟ್ಟಿದಾಗಿನಿಂದ ರೆಪ್ಪಿ ಬಡೀದಂಗ ನೋಡಾಕಿ ಈ ಮನ್ಯಾಗ ನಾನೊಬ್ಬಾಕೀನ. ತಾಗಿದ್ರ ನಂದೇ ತಾಗಿರ್ತೈತಿ."

ಉಪ್ಪು, ಮೆಣಸಿನಕಾಯಿಯನ್ನು ಹೊರಗೆ ಒಯ್ದು ಕೆಂಡಕ್ಕೆ ಹಾಕಿ ಬಂದೆ. ಕೂಸು ಇನ್ನೂ ಅಳುತ್ತಲೇ ಇತ್ತು. ಸೊಸೆ ಎತ್ತಿಕೊಂಡು ಎದೆಗೆ ಹಚ್ಚಿದಳು. ಗಟಗಟನೆ ಕುಡಿಯತೊಡಗಿತು. ಹಸಿದಿತ್ತು, ಅಷ್ಟೇ.